ಹಾಫ್ ಮೂನ್‌ವರೆಗೆ, ಕೋಲು ಹಿಡಿದು

ಗೋಕರ್ಣದ ಬೀಚ್ ಟ್ರೆಕ್ ಅಂದರೆ ಸಾಮಾನ್ಯವಾಗಿ ದಕ್ಷಿಣದ ಬೇಲೆಕಾನದಿಂದ ಹೊರಟು ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಾಟಿ ಊರಿನ ದೊಡ್ಡ ಬೀಚಿಗೆ ಬಂದು ಮುಟ್ಟುವುದು. ಕಾಲು ಗಟ್ಟಿ ಇರುವವರಿಗೆ ಅರ್ಧ ದಿನದ ದಾರಿ. ನಾನು ನಡೆದದ್ದು ಇದರ ಒಂದು ತುಂಡು ಮಾತ್ರ. ಅದೂ ಉಲ್ಟಾ ದಿಕ್ಕಿನಲ್ಲಿ, ಬಲಗೈಯಲ್ಲಿ ಕೋಲು, ಎಡಗಾಲಿಗೆ ಬ್ರೇಸ್ ಅನ್ನುವ ಆಸರೆ ಪಟ್ಟಿ. ಏಟು ಮಾಡಿಕೊಂಡು ಮನೆಯಲ್ಲಿ ಕೂತು, ಇನ್ನು ಯಾವಾಗ ನಡೆಯೋದು ಅಂತ ಕಾಯುತ್ತಿರುವವರಿಗೆ ಈ ತುಂಡು ದಾರಿಯ ಬಗ್ಗೆ ಹೇಳಲೇಬೇಕು ಅನ್ನಿಸಿತು.

ಮಳೆಗಾಲದಲ್ಲಿ ಒದ್ದೆ ಮೆಟ್ಟಿಲ ಮೇಲೆ ಜಾರಿದಾಗ ಪಾದ ಒಳಗೆ ಮಡಚಿಕೊಂಡಿತ್ತು. ಮೂಳೆ ಮುರಿಯಲಿಲ್ಲ. ಪಾದದ ಗಂಟಿನ ಹೊರಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ನಾರಿನ ಪಟ್ಟಿ, ಹರಿದಿತ್ತು. ಮೊದಲು ಪಾದ ಅಲುಗದಂತೆ ಹಿಡಿದಿಡುವ ಬೂಟು, ಆಮೇಲೆ ಬ್ರೇಸ್, ಆಮೇಲೆ ಫಿಸಿಯೋ ಮೇಡಂ ಕೊಟ್ಟ ವ್ಯಾಯಾಮ. ರಬ್ಬರ್ ಬ್ಯಾಂಡ್ ಕಟ್ಟಿ ಪಾದವನ್ನು ಹೊರಗೆ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಕೊನೆಗೆ ಅದನ್ನೇ ಕಣ್ಣು ಮುಚ್ಚಿ ಮಾಡುವುದು. ಇದು ಸುಲಭ ಅನ್ನಿಸಿದರೆ ಒಮ್ಮೆ ಮಾಡಿ ನೋಡಿ. ಪಾದ ಎಷ್ಟು ಓರೆಯಾಗಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳು ಲಿಗಮೆಂಟಿನಲ್ಲೂ ಇರುತ್ತವೆ. ಅದು ಹರಿದಾಗ ಬಲದ ಜೊತೆ ಆ ಸುದ್ದಿಯೂ ಕಡಿಮೆಯಾಗುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ನೋವು ಹೋದ ಮಾತ್ರಕ್ಕೆ ವಾಸಿಯಾಯ್ತು ಅಂತ ಅಲ್ಲ. ಏರುಪೇರು ನೆಲದಲ್ಲಿ ನಡೆಯುವುದನ್ನು ಪಾದ ಹೊಸದಾಗಿ ಕಲಿಯಬೇಕು.

ಆ ಕಲಿಕೆಗೆ ಬೆಂಗಳೂರಿನ ಪಾರ್ಕಿನ ಟೈಲ್ಸ್ ಸಾಲದು. ಮೇಡಂ ಕೊನೆಗೂ ಒಪ್ಪಿದರು, ಆದರೆ ಷರತ್ತು ಹಾಕಿ. ಒಣ ಮರಳಿನಲ್ಲಿ ಜಾಸ್ತಿ ನಡೆಯಬಾರದು. ಬ್ರೇಸ್ ಬಿಚ್ಚಬಾರದು. ಎಲ್ಲಿ ಬೇಕಾದರೂ ನಿಲ್ಲಿಸಿ ವಾಪಸ್ ಬರುವಂಥ ದಾರಿಯೇ ಆಗಬೇಕು. ನಡೆದ ಮಾರನೇ ಬೆಳಿಗ್ಗೆ ಬಾವು, ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ದೂರ ಹೆಚ್ಚಾಯ್ತು ಅಂತ ಲೆಕ್ಕ.

ನಿಲ್ಲಿಸಿ ವಾಪಸ್ ಬರುವ ದಾರಿ ಅಂದ ಕೂಡಲೇ ನನಗೆ ಹೊಳೆದದ್ದು ಗೋಕರ್ಣ. ಕುಡ್ಲೆಗೂ ಓಂ ಬೀಚಿಗೂ ರಸ್ತೆ ಇದೆ, ಆಟೋ ಸಿಗುತ್ತದೆ. ಹಾಫ್ ಮೂನಿಗೆ ರಸ್ತೆ ಇಲ್ಲ, ಆದರೆ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ದೋಣಿ ಓಡಾಡುತ್ತದೆ. ಜನವರಿಯ ಒಂದು ಹುಣ್ಣಿಮೆ ಕಳೆದ ಮೇಲೆ ತಮ್ಮನನ್ನು ಜೊತೆ ಮಾಡಿಕೊಂಡು ಹೊರಟೆ. ಹುಣ್ಣಿಮೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ದಿನ: ಊರು, ತೇರುಬೀದಿ, ಮತ್ತು ಒಂದು ಪರೀಕ್ಷೆ

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹೊರಟರೆ ಬೆಳಿಗ್ಗೆ ಗೋಕರ್ಣ ರೋಡ್ ಮುಟ್ಟಿಸುತ್ತದೆ. 1998ರಲ್ಲಿ ಕೊಂಕಣ ರೈಲು ದಾರಿ ಪೂರ್ತಿ ತೆರೆದ ಮೇಲೆ ಈ ಕರಾವಳಿಗೆ ಬರುವುದು ಎಷ್ಟು ಹಗುರವಾಯ್ತು ಅನ್ನುವುದು ಕಾಲು ನೋವಿದ್ದಾಗ ಚೆನ್ನಾಗಿ ಗೊತ್ತಾಗುತ್ತದೆ. ಘಟ್ಟದ ತಿರುವುಗಳಲ್ಲಿ ಬಸ್ಸಿನ ಸೀಟಿಗೆ ಕಾಲು ಒತ್ತಿಕೊಂಡು ಕೂರುವ ಬದಲು ಕೆಳಗಿನ ಬರ್ತಿನಲ್ಲಿ ದಿಂಬಿನ ಮೇಲೆ ಪಾದ ಇಟ್ಟು ಮಲಗಿದ್ದೆ. ಸ್ಟೇಷನ್ನಿನಿಂದ ಊರಿಗೆ ಸುಮಾರು 10 ಕಿಲೋಮೀಟರ್, ಆಟೋದಲ್ಲಿ ಬಂದೆವು.

ಮಧ್ಯಾಹ್ನದವರೆಗೆ ಏನೂ ಮಾಡಲಿಲ್ಲ. ಆಮೇಲೆ ನಿಧಾನಕ್ಕೆ ಮಹಾಬಲೇಶ್ವರ ದೇವಸ್ಥಾನ, ಗಣಪತಿ ಗುಡಿ, ಕೋಟಿತೀರ್ಥ. ಗಣಪತಿಗೆ ಮೊದಲು ಕೈ ಮುಗಿದು ಆಮೇಲೆ ಆತ್ಮಲಿಂಗದ ದರ್ಶನಕ್ಕೆ ಹೋಗುವುದು ಇಲ್ಲಿನ ಪದ್ಧತಿ. ರಾವಣನ ಕೈಯಿಂದ ಲಿಂಗ ತೆಗೆದುಕೊಂಡು ನೆಲಕ್ಕಿಟ್ಟ ಹುಡುಗ ಅವನೇ ತಾನೇ. ರಥಬೀದಿಯಲ್ಲಿ ದೊಡ್ಡ ತೇರು ನಿಂತಿತ್ತು. ಶಿವರಾತ್ರಿಗೆ ಅದನ್ನು ಎಳೆಯುತ್ತಾರೆ. ಅದರ ಮರದ ಗಾಲಿಯ ಪಕ್ಕ ನಿಂತಾಗ ಗಾಲಿಯ ಎತ್ತರ ನನಗಿಂತ ಜಾಸ್ತಿ ಇತ್ತು.

ಪೇಟೆಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಸೊಪ್ಪು, ತರಕಾರಿ, ಹೂವಿನ ಬುಟ್ಟಿ ಇಟ್ಟು ಕೂತಿದ್ದರು. ಕೊರಳು ತುಂಬ ಮಣಿಸರ. ಬಸಳೆ ಮಾರುತ್ತಿದ್ದ ಒಬ್ಬ ಅಜ್ಜಿ ನನ್ನ ಕೋಲು ನೋಡಿ ಕರೆದರು.

“ಎಂತ ಆಯ್ತೇ ತಂಗಿ ಕಾಲಿಗೆ?”

“ಜಾರಿ ಬಿದ್ದೆ ಅಜ್ಜಿ. ಈಗ ಅಡ್ಡಿಲ್ಲ.”

“ಅಡ್ಡಿಲ್ಲ ಅಂದ್ರೆ ಕೋಲು ಎಂತಕ್ಕೆ?” ಅಂದು ಸುಮ್ಮನಾದರು. ಬಸಳೆ ಕಟ್ಟನ್ನು ತಮ್ಮನ ಕೈಗೆ ಕೊಟ್ಟರು, ನನ್ನ ಕೈಗೆ ಕೊಡಲಿಲ್ಲ. ಉಳಿದುಕೊಂಡಿದ್ದ ಮನೆಯವರು ಸಂಜೆ ಅದನ್ನೇ ಹುಳಿ ಮಾಡಿ ಬಡಿಸಿದರು, ಜೊತೆಗೆ ಒಂದೆಲಗದ ತಂಬುಳಿ.

ಐದು ಗಂಟೆ ಹೊತ್ತಿಗೆ ಊರಿನ ದೊಡ್ಡ ಬೀಚಿಗೆ ಇಳಿದೆವು. ನಾಳೆಯ ದಾರಿ ಗೊತ್ತು ಮಾಡಿಕೊಳ್ಳಲು ಸ್ವಲ್ಪ ನಡೆದು ನೋಡುವ ಯೋಚನೆ. ಉತ್ತರದ ಕಡೆ ಮುಖ ಮಾಡಿ ಹೊರಟಾಗ, ಅಂದರೆ ಸಮುದ್ರ ಎಡಗಡೆಗಿದ್ದಾಗ, ಸ್ವಲ್ಪ ಹೊತ್ತಿಗೇ ಗಂಟಿನ ಹೊರಬದಿ ಎಳೆಯತೊಡಗಿತು. ತಿರುಗಿ ದಕ್ಷಿಣಕ್ಕೆ ನಡೆದಾಗ ಆ ಎಳೆತ ಇಲ್ಲ! ಅದೇ ಮರಳು, ಅದೇ ವೇಗ. ನಿಂತು ನೆಲ ನೋಡಿದೆ. ಬೀಚು ಕಣ್ಣಿಗೆ ಸಪಾಟಾಗಿ ಕಂಡರೂ ಸಮುದ್ರದ ಕಡೆಗೆ ಓರೆಯಾಗಿರುತ್ತದೆ. ಉತ್ತರಕ್ಕೆ ಹೋಗುವಾಗ ನನ್ನ ಎಡಪಾದದ ಹೊರಅಂಚು ಕೆಳಗೆ ವಾಲುತ್ತದೆ. ಉಳುಕಿದ ದಿನ ಮಡಚಿದ್ದೂ ಅದೇ ಕಡೆಗೆ. ದಕ್ಷಿಣಕ್ಕೆ ಹೋಗುವಾಗ ಹೊರಅಂಚು ಮೇಲೆ, ಒಳಅಂಚು ಕೆಳಗೆ. ಹರಿದು ಕೂಡಿದ ಜಾಗಕ್ಕೆ ಆಗ ಬಿಡುವು ಸಿಗುತ್ತದೆ.

ಇದನ್ನು ಯಾರೂ ಹೇಳಿರಲಿಲ್ಲ. ಸಮುದ್ರದಂಡೆಯ ನಡಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಯಾವ ಕಾಲಿಗೆ ಯಾವ ದಿಕ್ಕು ಅಂತ ಹೇಳುವವರು ಕಡಿಮೆ. ಎಡಗಾಲಿನ ಹೊರಬದಿಗೆ ಏಟಾಗಿದ್ದರೆ ಸಮುದ್ರ ಬಲಗಡೆಗಿರಲಿ. ಬಲಗಾಲಿಗಾದರೆ ಎಡಗಡೆಗೆ. ಹೋಗುವಾಗ ನಡೆದು, ಬರುವಾಗ ಆಟೋವೋ ದೋಣಿಯೋ ಹಿಡಿದರೆ ಇನ್ನೂ ಒಳ್ಳೆಯದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ಸಮುದ್ರ ಯಾವಾಗಲೂ ಬಲಕ್ಕೇ. ಹಾಗಾಗಿ ಊರಿನಿಂದಲೇ ಶುರು ಮಾಡುವುದು ಅಂತ ಅಲ್ಲೇ ತೀರ್ಮಾನವಾಯ್ತು.

ಇನ್ನು ಹುಣ್ಣಿಮೆಯ ವಿಷಯ. ಹುಣ್ಣಿಮೆ, ಅಮಾವಾಸ್ಯೆಗಳಂದು ಈ ಕಡೆ ಬೆಳಗಾಗುವ ಮೊದಲೇ ನೀರು ಪೂರ್ತಿ ಇಳಿದಿರುತ್ತದೆ, ಹಗಲು ಏರುತ್ತಾ ಬಂದ ಹಾಗೆ ಭರತವೂ (ಉಬ್ಬರ) ಏರುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೂರು ನಾಲ್ಕು ದಿನ ಬಿಟ್ಟು ಬಂದರೆ ಬೆಳಿಗ್ಗೆ ಎಂಟರ ಆಸುಪಾಸಿಗೆ ಇಳಿತ ಸಿಗುತ್ತದೆ. ನೀರು ಹಿಂದೆ ಸರಿದಾಗ ಮೇಲೆದ್ದ ಒದ್ದೆ ಮರಳು ಗಟ್ಟಿ, ಓರೆಯೂ ಕಡಿಮೆ. ಭರತದ ಹೊತ್ತಲ್ಲಿ ಉಳಿಯುವುದು ಮೇಲಿನ ಮೆದು ಮರಳು ಮಾತ್ರ. ಅಲ್ಲಿ ಹೆಜ್ಜೆಗೊಮ್ಮೆ ಪಾದ ಹೂತು ತಿರುಚಿಕೊಳ್ಳುತ್ತದೆ. ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬರನ್ನು ತಮ್ಮ ಕೇಳಿದ. ಅವರು ಸಮುದ್ರದ ಕಡೆ ತಲೆ ಎತ್ತಿಯೂ ನೋಡದೆ “ನಾಳೆ ಎಂಟಕ್ಕೆ ಪೂರಾ ಇಳಿತ. ಬಿಸಿಲಿಗೆ ಮೊದ್ಲು ಹೋಗಿ” ಅಂದರು. ಫೋನಿನ ಆ್ಯಪ್ ಹೇಳಿದ್ದೂ ಅದನ್ನೇ.

ಎರಡನೇ ದಿನ: ನಡಿಗೆ

ಬೆಳಕು ಹರಿಯುತ್ತಿದ್ದಂತೆ ಹೊರಟೆವು. ಎರಡು ಬಾಟಲಿ ನೀರು, ಬಾಳೆಹಣ್ಣು, ಹಿಂದಿನ ರಾತ್ರಿ ಕಟ್ಟಿಸಿಕೊಂಡ ಅವಲಕ್ಕಿ, ಒಂದು ಕ್ರೇಪ್ ಬ್ಯಾಂಡೇಜ್. ಚೀಲ ಪೂರ್ತಿ ತಮ್ಮನ ಬೆನ್ನಿಗೆ. ನನ್ನ ಕೈಗೆ ಕೋಲೊಂದೇ. ಕೋಲನ್ನು ನೋವಿರುವ ಕಾಲಿನ ಕಡೆಗೇ ಹಿಡಿಯುವವರು ಬಹಳ. ಅದು ಎದುರು ಕೈಯಲ್ಲಿರಬೇಕು. ಎಡಗಾಲು ಮುಂದೆ ಇಡುವಾಗ ಬಲಗೈಯ ಕೋಲೂ ಜೊತೆಗೇ ಮುಂದೆ ಹೋಗಬೇಕು, ಆಗ ಭಾರ ಹಂಚಿಹೋಗುತ್ತದೆ.

ದೊಡ್ಡ ಬೀಚಿನ ದಕ್ಷಿಣದ ತುದಿಯಲ್ಲಿ ಮೆಟ್ಟಿಲು ಹತ್ತಿದರೆ ರಾಮನ ಗುಡಿ, ಅದರ ಪಕ್ಕ ರಾಮತೀರ್ಥ. ಸಮುದ್ರ ಅಷ್ಟು ಹತ್ತಿರ ಇದ್ದರೂ ಇಲ್ಲಿ ಬೀಳುವ ನೀರು ಸಿಹಿ. ಗುಡ್ಡದ ಮುರಕಲ್ಲು (ಜಂಬಿಟ್ಟಿಗೆ) ಮಳೆಗಾಲದ ನೀರನ್ನೆಲ್ಲ ಹೀರಿಕೊಂಡು ಬುಡದಲ್ಲಿ ನಿಧಾನಕ್ಕೆ ಬಿಡುತ್ತದೆ. ಮುಖ ತೊಳೆದುಕೊಂಡು ಮುಂದೆ ಹೋದೆವು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಫಿಸಿಯೋ ಕೋಣೆಯಲ್ಲಿ ಇದನ್ನು ಕಲಿಯದವರು ಯಾರೂ ಇಲ್ಲ, ಆದರೆ ನಿಜವಾದ ಗುಡ್ಡದಲ್ಲಿ ಅದು ಮೈಗೆ ಹತ್ತುವುದೇ ಬೇರೆ.

ಮೇಲೆ ಬಂದರೆ ಮುರಕಲ್ಲಿನ ಬಯಲು. ಒಣಗಿದ ಹುಲ್ಲು, ಅಲ್ಲಲ್ಲಿ ಗೇರು ಮರ. ಮಳೆಗಾಲದಲ್ಲಿ ಇದೇ ಬಯಲು ಹಸಿರು ಹಾಸಿಕೊಂಡು ಹೂ ಬಿಡುತ್ತದೆ, ಆದರೆ ಆಗ ಕಲ್ಲಿನ ಮೇಲೆ ಪಾಚಿ ಬೆಳೆದು ಜಾರುತ್ತದೆ. ನನ್ನಂಥವರು ಆಗ ಬರಬಾರದು. ಸೂರ್ಯ ಹುಟ್ಟಿದ್ದರೂ ಗುಡ್ಡದ ಪಶ್ಚಿಮದ ಬದಿಗೆ ಬಿಸಿಲು ತಟ್ಟಿರಲಿಲ್ಲ. ಈ ಕಡಲತೀರದಲ್ಲಿ ಬೆಳಿಗ್ಗೆ ನಡೆಯುವವರಿಗೆ ಸಿಗುವ ಲಾಭ ಅದು. ಬಿಸಿಲು ಬಹಳ ಹೊತ್ತು ಗುಡ್ಡದ ಹಿಂದೆಯೇ ಇರುತ್ತದೆ.

ಕುಡ್ಲೆಗೆ ಇಳಿಯುವ ಜಾಗ ನನಗೆ ಇಡೀ ದಾರಿಯಲ್ಲೇ ಕಷ್ಟದ್ದು. ದೂರ ಹೆಚ್ಚಿಲ್ಲ. ಮುರಕಲ್ಲಿನ ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರ. ಕೆಲವು ಕಲ್ಲಿನಲ್ಲಿ ಮುಷ್ಟಿ ಹಿಡಿಯುವಷ್ಟು ತೂತು, ಅದರೊಳಗೆ ಕೆಂಪು ಜಲ್ಲಿ ತುಂಬಿಕೊಂಡು ಕಾಲಿಟ್ಟರೆ ಉರುಳುತ್ತದೆ. ತಿಂಗಳುಗಟ್ಟಲೆ ಬಿಗಿಯಾಗಿ ಕಟ್ಟಿಟ್ಟ ಗಂಟು ಮುಂದಕ್ಕೆ ಪೂರ್ತಿ ಬಾಗುವುದಿಲ್ಲ. ಇಳಿಜಾರಿನಲ್ಲಿ ಹಿಂದಿನ ಕಾಲು ಬಾಗಲೇಬೇಕು, ಅದಕ್ಕೇ ಅಲ್ಲಿ ಮುಂಭಾಗ ಚುಚ್ಚುತ್ತದೆ. ನಾನು ಹೀಗೆ ಮಾಡಿದೆ: ಮೊದಲು ಕೋಲು ಕೆಳಗಿನ ಕಲ್ಲಿಗೆ. ಅದು ಅಲುಗುತ್ತಿಲ್ಲ ಅಂತ ಒತ್ತಿ ನೋಡಿ, ಎಡಗಾಲು ಅದರ ಪಕ್ಕಕ್ಕೆ, ಆಮೇಲೆ ಬಲಗಾಲು ಅದೇ ಕಲ್ಲಿಗೆ. ಎರಡೂ ಪಾದ ಒಂದೇ ಕಲ್ಲಿನ ಮೇಲೆ ನಿಂತ ಮೇಲೆಯೇ ಮುಂದಿನದು. ತೀರಾ ಎತ್ತರ ಇದ್ದ ಕಡೆ ಅಡ್ಡ ತಿರುಗಿ ಇಳಿದೆ. ಒಂದು ಕಡೆ ಕೂತೇ ಇಳಿದೆ. ತಮ್ಮ ಎರಡು ಮೆಟ್ಟಿಲು ಕೆಳಗೆ ಇದ್ದ. ಕೈ ಕೊಡಲು ಬರಲಿಲ್ಲ. “ಬೇಕಾದ್ರೆ ಕರಿ ಅಕ್ಕ” ಅಂತ ಅಷ್ಟೇ ಹೇಳಿದ. ಅವನು ಹಾಗೆ ನಿಂತದ್ದು ಕೈ ಹಿಡಿದದ್ದಕ್ಕಿಂತ ದೊಡ್ಡ ಸಹಾಯ. ಕಾಲು ತಾನೇ ಯೋಚನೆ ಮಾಡಬೇಕಿತ್ತು.

ಕೆಳಗೆ ಕುಡ್ಲೆ. ಬೆಳಗಿನ ಇಳಿತದಲ್ಲಿ ಉದ್ದಕ್ಕೂ ಒದ್ದೆ ಮರಳಿನ ಹಾಸು. ಬಲಗಡೆ ಸಮುದ್ರ, ಕಾಲಿಗೆ ಯಾವ ತಕರಾರೂ ಇಲ್ಲ. ನಾಯಿಗಳು, ಯೋಗ ಮಾಡುತ್ತಿದ್ದ ಕೆಲವರು, ಆಗಷ್ಟೇ ಬಾಗಿಲು ತೆಗೆಯುತ್ತಿದ್ದ ಹೋಟೆಲ್‌ಗಳು. ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆಗಳು ಸಾಲು ಸಾಲಾಗಿ ಬಿದ್ದಿದ್ದವು. ಬಗ್ಗಿ ನೋಡಿದರೆ ಬೆರಳಿನ ಉಗುರಿನಷ್ಟು ಏಡಿ. ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿರುವ ತಿನ್ನುವಂಥದ್ದನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತದೆ. ಮುಂದಿನ ಭರತ ಬಂದು ಎಲ್ಲ ಅಳಿಸುವುದರೊಳಗೆ ಊಟ ಮುಗಿಸಬೇಕು. ಅವನ್ನು ತುಳಿಯಬಾರದು ಅಂತ ಹೆಜ್ಜೆ ನೋಡಿ ಇಡುತ್ತಾ ಹೋದೆ. ಆಮೇಲೆ ಅನ್ನಿಸಿತು, ಮನೆಯಲ್ಲಿ ನೆಲಕ್ಕೆ ಟೇಪು ಅಂಟಿಸಿ ಮಾಡಿಸುತ್ತಿದ್ದ ವ್ಯಾಯಾಮವೂ ಇದೇ ಅಲ್ವಾ. ಇಲ್ಲಿ ಬೇಸರವೇ ಆಗಲಿಲ್ಲ.

ಕುಡ್ಲೆಯ ಕೊನೆಯಲ್ಲಿ ಅವಲಕ್ಕಿ ತಿಂದೆವು. ಒಂದು ಗರುಡ ನೀರಿನ ಮೇಲೆ ಸುತ್ತುತ್ತಿತ್ತು, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಅಲ್ಲಿಂದ ಮತ್ತೆ ಗುಡ್ಡ ಹತ್ತಿ ಓಂ ಬೀಚಿನ ಕಡೆ. ಹತ್ತುವುದು ನನಗೆ ತೊಂದರೆಯೇ ಅಲ್ಲ, ಏದುಸಿರು ಬರುತ್ತದೆ ಅಷ್ಟೇ. ತಿಂಗಳುಗಳಿಂದ ಏದುಸಿರು ಬರುವಷ್ಟು ನಡೆದಿರಲಿಲ್ಲ. ಎದೆ ಬಡಿದುಕೊಳ್ಳುವುದನ್ನು ಕೇಳಿ ಖುಷಿಯಾಯ್ತು.

ಮೇಲಿನಿಂದ ಓಂ ಬೀಚಿನ ಎರಡು ಬಾಗು, ನಡುವೆ ಚಾಚಿದ ಬಂಡೆ ಪೂರ್ತಿ ಕಾಣುತ್ತದೆ. ಹೆಚ್ಚಿನವರು ಇಲ್ಲಿ ಫೋಟೋ ತೆಗೆದು ಮೆಟ್ಟಿಲಿಳಿಯುತ್ತಾರೆ. ನಾವೂ ತೆಗೆದೆವು. ಆದರೆ ಒಂದು ಮಾತು. ಇಳಿತದಲ್ಲಿ ಬರಿದಾದ ಆ ನಡುವಿನ ಬಂಡೆಗಳ ಮೇಲೆ ಹೋಗಿ ನಿಲ್ಲಬೇಡಿ. ಪಾಚಿ ಕಟ್ಟಿರುತ್ತದೆ, ಸುಮ್ನೆ ನಿಂತ ಹಾಗೆ ಕಾಣುವ ನೀರು ಒಮ್ಮೆಲೇ ದೊಡ್ಡ ಅಲೆಯಾಗಿ ಬರುತ್ತದೆ. ಗೋಕರ್ಣದ ಬಂಡೆಗಳಿಂದ ಜಾರಿ ಪ್ರಾಣ ಕಳೆದುಕೊಂಡವರ ಸುದ್ದಿ ಮತ್ತೆ ಮತ್ತೆ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಅಪಾಯದ ಬೋರ್ಡೂ ಇದೆ, ಲೈಫ್‌ಗಾರ್ಡ್‌ಗಳೂ ಕೂಗುತ್ತಾರೆ. ಅವರ ಮಾತು ಕೇಳಿ.

ಓಂ ಬೀಚಿನಲ್ಲಿ ಒಂದು ಗಂಟೆ ನಿಂತೆವು. ಬ್ರೇಸ್ ಬಿಚ್ಚಬಾರದು ಅನ್ನುವುದು ನಡೆಯುವಾಗಿನ ಮಾತು, ಕೂತಾಗ ಅಡ್ಡಿಲ್ಲ. ನೆರಳಿನ ಒಂದು ಕಲ್ಲಿನ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆ. ಗಂಟಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಾವು ಇಲ್ಲ. ಎದ್ದು ಒಂಟಿ ಕಾಲಲ್ಲಿ ನಿಂತೆ. ನಡುಗಿತು, ಆದರೆ ನಿಂತಿತು. ಬೆಳಿಗ್ಗೆ ಹೊರಡುವಾಗಲೇ ಇಬ್ಬರೂ ಒಪ್ಪಿಕೊಂಡಿದ್ದೆವು. ಇಲ್ಲಿ ಒಂಟಿ ಕಾಲಲ್ಲಿ ನಿಲ್ಲಲಾಗದಿದ್ದರೆ ಆಟೋ. ನಿಲ್ಲಲಾದರೆ ಹಾಫ್ ಮೂನ್. ನೋಡಿದಾಗ ಬರುವ ಆಸೆಗೆ ತೀರ್ಮಾನ ಬಿಡಬಾರದು, ಕಾಲು ವಾಸಿಯಾಗುತ್ತಿರುವಾಗ ಆಸೆ ಕಾಲಿಗಿಂತ ಬಹಳ ಮುಂದೆ ಓಡುತ್ತದೆ.

ಓಂ ಬೀಚಿನ ದಕ್ಷಿಣದ ಕೊನೆಯಿಂದ ಹಾಫ್ ಮೂನಿಗೆ ಹೋಗುವ ಕಾಲುದಾರಿ ಗುಡ್ಡದ ಬದಿಗೆ ಅಂಟಿಕೊಂಡು ಹೋಗುತ್ತದೆ. ಇಲ್ಲಿಂದ ಮುಂದೆ ರಸ್ತೆಯ ಆಸರೆ ಇಲ್ಲ. ಎಡಗಡೆ ಗುಡ್ಡ, ಮರದ ಬೇರು, ಬಲಗಡೆ ಕೆಳಗೆ ಬಂಡೆ ಮತ್ತು ನೀರು. ಅಗಲ ಒಬ್ಬರಿಗಷ್ಟೇ. ಚುರುಕಾಗಿ ನಡೆಯುವವರು ಅರ್ಧ ಗಂಟೆಯೊಳಗೆ ದಾಟುತ್ತಾರೆ, ನನಗೆ ಅದಕ್ಕಿಂತ ಬಹಳ ಹೊತ್ತು ಹಿಡಿಯಿತು. ಹಿಂದಿನಿಂದ ಹುಬ್ಬಳ್ಳಿಯ ಕಾಲೇಜು ಹುಡುಗರ ಗುಂಪು ಬಂತು. ಬದಿಗೆ ನಿಂತು ದಾರಿ ಬಿಟ್ಟೆ.

“ಅಕ್ಕಾರ, ಕೋಲು ಹಿಡ್ಕೊಂಡು ಇಲ್ಲೀ ಮಟ ಬಂದೀರೇನ್ರಿ?” ಅಂದ ಒಬ್ಬ. “ಭಾಳ ಚಲೋ ಆತ್ರಿ. ಮುಂದ ಒಂದ್ ಕಡೆ ಕಲ್ಲು ಸಡಿಲ ಐತಿ, ನಾ ಅಲ್ಲೇ ನಿಂದಿರ್ತೀನಿ.”

ನಿಂತಿದ್ದ ಕೂಡ. ಸಡಿಲ ಕಲ್ಲಿನ ಮೇಲೆ ತನ್ನ ಕಾಲಿಟ್ಟು ಒತ್ತಿ ಹಿಡಿದು, ನಾನು ದಾಟಿದ ಮೇಲೆ ಗೆಳೆಯರ ಹಿಂದೆ ಓಡಿದ. ಹೆಸರು ಕೇಳುವುದರೊಳಗೆ ತಿರುವಿನಲ್ಲಿ ಮಾಯವಾಗಿದ್ದ.

ಹಾಫ್ ಮೂನ್ ಸಣ್ಣ ಬೀಚು. ಎರಡು ಕಡೆ ಬಂಡೆ, ಹಿಂದೆ ಕಾಡು, ಒಂದೆರಡು ಗುಡಿಸಲು ಅಂಗಡಿ. ರಸ್ತೆ ಇಲ್ಲದ್ದರಿಂದ ಗದ್ದಲ ಇಲ್ಲ. ಇಲ್ಲಿ ನಮ್ಮ ಹಾಗೆ ನಡೆದು ಬಂದವರು, ದೋಣಿಯಲ್ಲಿ ಬಂದವರು ಮಾತ್ರ. ಮರಳು ಮುಗಿಯುವಲ್ಲಿ ಅಡುಂಬು ಬಳ್ಳಿ ಹಬ್ಬಿತ್ತು, ಮೇಕೆಯ ಗೊರಸಿನ ಆಕಾರದ ಎಲೆ, ನೇರಳೆ ಹೂವು. ಈ ಬಳ್ಳಿ ಬೇರಿಳಿಸಿ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕಿತ್ತು ಕುರ್ಚಿ ಹಾಕಿದ ಕಡೆಗಳಲ್ಲಿ ಮಳೆಗಾಲದ ಅಲೆಗೆ ದಂಡೆ ಬೇಗ ಕೊಚ್ಚಿಹೋಗುತ್ತದೆ. ಹಾಫ್ ಮೂನಿನಲ್ಲಿ ಅದು ಇನ್ನೂ ಉಳಿದಿರುವುದು ನನಗೆ ದೊಡ್ಡ ಸಮಾಧಾನ. ಮುರುಗಲ ಹಣ್ಣಿನ ಪಾನಕ ಕುಡಿದು ಬೆನ್ನಿಗೆ ಚೀಲ ಇಟ್ಟು ಮಲಗಿಬಿಟ್ಟೆ.

ಪ್ಯಾರಡೈಸ್‌ಗೆ ಇಲ್ಲಿಂದ ಇನ್ನೊಂದು ಗುಡ್ಡದ ದೂರ. ಆ ದಾರಿಯಲ್ಲಿ ಬಂಡೆ ಜಾಸ್ತಿ, ಕೆಲವು ಕಡೆ ಕೈಯನ್ನೂ ಊರಬೇಕು. ಹೋಗಲಿಲ್ಲ. ಕಾಲಿಗೆ ಶಕ್ತಿ ಇತ್ತು. ಆದರೆ ಗಮನ ತೆಳ್ಳಗಾಗುತ್ತಿತ್ತು, ಕೊನೆಯ ಇಳಿಜಾರಿನಲ್ಲಿ ಪಾದ ಒಮ್ಮೆ ಓರೆಯಾಗಿ ಬಿದ್ದು ಬ್ರೇಸ್ ತಡೆದಿತ್ತು. ಸ್ನಾಯು ದಣಿದಾಗ ಗಂಟು ಸಾವರಿಸಿಕೊಳ್ಳುವುದು ತಡವಾಗುತ್ತದೆ, ಉಳುಕುವುದು ಆಗಲೇ. ನಡಿಗೆ ಇಲ್ಲಿಗೆ ಸಾಕು ಅಂತ ತಮ್ಮನಿಗೆ ಹೇಳಿದಾಗ ಅವನು ಒಂದು ಮಾತೂ ಆಡದೆ ದೋಣಿಯವರ ಹತ್ತಿರ ಹೋದ.

ದೋಣಿ ಹತ್ತುವುದೂ ಒಂದು ಕೆಲಸವೇ. ಇಲ್ಲಿ ಜೆಟ್ಟಿ ಇಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು, ಅಲೆ ಹಿಂದೆ ಸರಿದಾಗ ಅಂಚು ಹಿಡಿದು ಹತ್ತಬೇಕು. ದೋಣಿಯವರು ನನ್ನ ಕಾಲು ನೋಡಿ ಅವಸರ ಮಾಡಲಿಲ್ಲ. “ನಿಲ್ಲಿ ನಿಲ್ಲಿ, ಈ ಅಲೆ ಹೋಗ್ಲಿ... ಇನ್ನೊಂದು... ಹಾಂ, ಈಗ ಕೂತ್ಕೊಳ್ಳಿ ಅಮ್ಮಾ, ಹತ್ಬೇಡಿ, ಅಂಚಿನ ಮೇಲೆ ಕೂತ್ಕೊಳ್ಳಿ.” ಬೆನ್ನು ದೋಣಿಗೆ ಮಾಡಿ ಅಂಚಿನ ಮೇಲೆ ಕೂತು, ಎರಡೂ ಕಾಲು ಒಟ್ಟಿಗೆ ಎತ್ತಿ ಒಳಗೆ ತಿರುಗಿಸಿಕೊಂಡೆ. ನೋವಿನ ಕಾಲಿನಿಂದ ನೆಲ ತಳ್ಳುವ ಪ್ರಸಂಗವೇ ಬರಲಿಲ್ಲ. ಇಳಿಯುವಾಗಲೂ ಹಾಗೆಯೇ. ಬೆಳಿಗ್ಗೆಯಿಂದ ಕಷ್ಟಪಟ್ಟು ದಾಟಿದ ಕಾಲುದಾರಿ ದೋಣಿಯಿಂದ ಗುಡ್ಡದ ಸೊಂಟದಲ್ಲಿ ಎಳೆದ ಸಣ್ಣ ಗೆರೆಯಾಗಿ ಕಂಡಿತು. ಓಂ ಬೀಚಿನಲ್ಲಿ ಇಳಿದು, ಮೆಟ್ಟಿಲು ಹತ್ತಿ, ಆಟೋ ಹಿಡಿದು ಊಟದ ಹೊತ್ತಿಗೆ ಊರು ಸೇರಿದೆವು.

ಮಧ್ಯಾಹ್ನ ಕಾಲು ಎದೆಗಿಂತ ಮೇಲಿಟ್ಟು, ಟವೆಲ್ಲಿನಲ್ಲಿ ಐಸ್ ಸುತ್ತಿ 15 ನಿಮಿಷ. ಆಮೇಲೆ ನಿದ್ದೆ. ಸಂಜೆ ಎಲ್ಲೂ ಹೋಗಲಿಲ್ಲ.

ಮೂರನೇ ದಿನ: ಅಘನಾಶಿನಿಯ ಅಳಿವೆ

ಎದ್ದ ಕೂಡಲೇ ನೋಡಿದ್ದು ಕಾಲನ್ನು. ಎರಡೂ ಪಾದ ಪಕ್ಕಪಕ್ಕ ಇಟ್ಟು ನೋಡಿದೆ. ಎಡಗಡೆ ಗಂಟಿನ ಮೂಳೆಯ ಸುತ್ತಿನ ಕುಳಿ ಕಾಣುತ್ತಿತ್ತು. ಬಾವು ಬಂದರೆ ಮೊದಲು ತುಂಬಿಕೊಳ್ಳುವುದು ಆ ಕುಳಿಯೇ. ಮೊದಲ ಹತ್ತು ಹೆಜ್ಜೆ ಬಿಗಿ ಇತ್ತು, ಬಚ್ಚಲಿಗೆ ಹೋಗಿ ಬರುವುದರೊಳಗೆ ಸಡಿಲವಾಯ್ತು. ಮೀನಖಂಡ ಮಾತ್ರ ಎರಡೂ ಕಡೆ ಸಮನಾಗಿ ನೋಯುತ್ತಿತ್ತು. ಅದು ನಡೆದವರ ನೋವು, ಏಟಿನದ್ದಲ್ಲ. ಮೇಡಂಗೆ ಮೆಸೇಜ್ ಹಾಕಿದೆ. “ಇವತ್ತು ರೆಸ್ಟ್. ಆದ್ರೆ ಸುಮ್ನೆ ಮಲಗ್ಬೇಡಿ” ಅಂತ ಉತ್ತರ ಬಂತು.

ಹಾಗಾಗಿ ಆಟೋ ಮಾಡಿಕೊಂಡು, ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಕಡೆ ಬಳಸಿ ತದಡಿಗೆ ಹೋದೆವು. ಸಾಣಿಕಟ್ಟಾದಲ್ಲಿ ಬದು ಕಟ್ಟಿದ ಚೌಕಗಳಲ್ಲಿ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗದ) ಉಪ್ಪುನೀರು ನಿಲ್ಲಿಸುತ್ತಾರೆ, ಬಿಸಿಲು ಬಲಿತ ಹಾಗೆ ಉಪ್ಪು ಕಟ್ಟುತ್ತದೆ. ಈ ಸೀಮೆಯ ಅಡುಗೆಮನೆಗಳಲ್ಲಿ ಉಪ್ಪಿನಕಾಯಿಗೆ ಇದೇ ಹರಳುಪ್ಪು ಬೇಕು ಅನ್ನುವವರು ಈಗಲೂ ಇದ್ದಾರೆ.

ತದಡಿಯಲ್ಲಿ ಅಘನಾಶಿನಿ ಸಮುದ್ರ ಸೇರುತ್ತದೆ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು, ಗೋಡುಮಣ್ಣು ತಡೆಯಿಲ್ಲದೆ ಅಳಿವೆಯವರೆಗೂ ಬರುವುದರಿಂದ ಇಲ್ಲಿ ಮೀನು, ಸಿಗಡಿ, ಚಿಪ್ಪುಗಳಿಗೆ ಬರವಿಲ್ಲ. ನಾವು ಹೋದಾಗ ಇಳಿತ. ನಡುಹೊಳೆಯ ದಿಬ್ಬಗಳು ಮೇಲೆದ್ದಿದ್ದವು, ಹೆಂಗಸರು ಗಂಡಸರು ಸೊಂಟ ಬಗ್ಗಿಸಿ ಬಳಚು (ಕಪ್ಪೆಚಿಪ್ಪು) ಹೆಕ್ಕುತ್ತಿದ್ದರು. ಕೈಯಿಂದ ಕೆಸರು ಕೆದಕಿ ಚಿಪ್ಪು ತೆಗೆದು, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುವುದು. ನೀರು ಏರುವವರೆಗೆ ಮಾತ್ರ ಕೆಲಸ. ಆ ಕೆಸರಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಅವರ ಕಾಲುಗಳನ್ನು ನೋಡುತ್ತಾ ನಿಂತೆ. ನನಗೆ ಒಂದು ವರ್ಷದ ವ್ಯಾಯಾಮದಲ್ಲಿ ಸಿಗದ ಗಟ್ಟಿತನ ಅಲ್ಲಿತ್ತು.

2024ರಲ್ಲಿ ಈ ಅಳಿವೆಗೆ ರಾಮ್ಸರ್ ತಾಣದ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲೊಂದು ಅನ್ನುವ ಮನ್ನಣೆ ಸಿಕ್ಕಿದೆ. ಹೊಳೆಯ ಬದಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ತಡೆದುಕೊಳ್ಳುತ್ತದೆ. ಹಾಗೆ ಬೆಳೆಯುವವರು ಈಗ ಕಡಿಮೆಯಾಗುತ್ತಿದ್ದಾರೆ. ಬಳಚು ಹೆಕ್ಕುವವರಿಗೆ, ಕಗ್ಗ ಬಿತ್ತುವವರಿಗೆ ಬದುಕು ಸಾಗಿದರೆ ಮಾತ್ರ ಈ ಮನ್ನಣೆಗೆ ಬೆಲೆ. ಗೋಕರ್ಣಕ್ಕೆ ಬರುವ ನಾವೆಲ್ಲ ಬೀಚಿನಲ್ಲೇ ತಿರುಗಿ ವಾಪಸ್ ಹೋಗುತ್ತೇವೆ, ಹತ್ತಿರದಲ್ಲೇ ಇರುವ ಇದನ್ನು ನೋಡುವುದಿಲ್ಲ.

ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಇದೆ. ಜನರ ಜೊತೆ ಬೈಕುಗಳೂ ದಾಟುತ್ತವೆ. ನಾನು ಕಂಬಿ ಹಿಡಿಯದೆ ನಿಂತೆ. ತಳ ಮೆಲ್ಲಗೆ ಅಲುಗುತ್ತಿತ್ತು, ಪಾದ ಅದಕ್ಕೆ ತಕ್ಕಂತೆ ಒಳಗೆ ಹೊರಗೆ ಸರಿಮಾಡಿಕೊಳ್ಳುತ್ತಿತ್ತು. ಮೇಡಂ ಕೋಣೆಯಲ್ಲಿ ಅಲುಗುವ ಹಲಗೆಯ ಮೇಲೆ ನಿಲ್ಲಿಸುತ್ತಾರಲ್ಲ, ಅದೇ. ಆಚೆ ದಡದಲ್ಲಿ ಚಹಾ ಕುಡಿದು ಅದೇ ದೋಣಿಯಲ್ಲಿ ವಾಪಸ್ ಬಂದೆವು.

ಊರಿಗೆ ಮರಳುವಾಗ ಬೇಲೆಕಾನ ಬೀಚಿನವರೆಗೆ ಹೋಗಿ ನೋಡಿದೆವು. ಅಲ್ಲಿಗೆ ರಸ್ತೆ ಇದೆ, ಅಲ್ಲಿಂದ ಉತ್ತರಕ್ಕೆ ನಡೆದರೆ ಪ್ಯಾರಡೈಸ್. ಆ ದಾರಿಯಲ್ಲಿ ಸಮುದ್ರ ಎಡಗಡೆಗೆ ಬರುತ್ತದೆ, ಅಂದರೆ ಹರಿದಿದ್ದ ಬದಿಯ ಮೇಲೆ ಭಾರ. ಬಂಡೆಯೂ ಇದೆ. ತಮ್ಮ ಒಬ್ಬನೇ ಸ್ವಲ್ಪ ದೂರ ಹೋಗಿ ನೋಡಿಕೊಂಡು ಬಂದ. ಎಲ್ಲಿ ಕೈ ಊರಬೇಕು, ಎಲ್ಲಿ ನೆರಳಿದೆ ಅಂತ ಫೋನಿನಲ್ಲಿ ಫೋಟೋ ತೆಗೆದಿದ್ದ. ಅವನ್ನು ಮೇಡಂಗೆ ತೋರಿಸಬೇಕು. ಅವರು ಒಪ್ಪಿದರೆ ಮಳೆ ಹಿಡಿಯುವ ಮೊದಲು, ದೋಣಿ ನಿಲ್ಲುವುದರೊಳಗೆ, ಇನ್ನೊಂದು ಇಳಿತದ ಬೆಳಿಗ್ಗೆ ನೋಡಿ ಬೇಲೆಕಾನದಿಂದ ಪ್ಯಾರಡೈಸ್, ಅಲ್ಲಿಂದ ಹಾಫ್ ಮೂನ್. ತಮ್ಮ ಆಗಲೇ ರಜೆ ಹಾಕುವ ದಿನ ಲೆಕ್ಕ ಮಾಡುತ್ತಿದ್ದಾನೆ.